ಬೂಷ್ಟಕ್ಕ ಸಾಕಿದ ತಳಿ

ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಔಷಧ ಕಾರ್ಖಾನೆಯ ಗೇಟು ಕಾಯುವವನಿಂದ ಹಿಡಿದು ಪ್ರಯೋಗಾಲಯದ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವಳು ಬೂಷ್ಟಕ್ಕ. ಹಳೇ ಬ್ರೆಡ್ಡಿಗೋ ಒದ್ದೆ ಚಪ್ಪಲಿಗೋ ಬೂಷ್ಟು ಹಿಡಿದರೆ ನಾವು ನೀವೆಲ್ಲ ಮುಖ ಸಿಂಡರಿಸಿ ಎಸೆಯುತ್ತೇವೆ. ಇವಳು ಅದನ್ನು ಸಾಕಿ ಸಲಹಿ ಸಂಬಳ ಎಣಿಸುತ್ತಿದ್ದಳು. ಚರ್ಮದ ಮೇಲೆ ಉಂಗುರದ ಹಾಗೆ ಏಳುವ ಹುಳುಕಡ್ಡಿಯಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಇರುವುದು ಒಂದು ಜಾತಿಯ ಬೂಷ್ಟು. ಆ ಬೂಷ್ಟನ್ನು ಗಾಜಿನ ನಳಿಕೆಗಳಲ್ಲಿ ಜೀವಂತ ಇಟ್ಟುಕೊಂಡು, ಕಾರ್ಖಾನೆಯ ಮುಲಾಮು ಅದನ್ನು ಕೊಲ್ಲುತ್ತದೋ ಇಲ್ಲವೋ ಎಂದು ನೋಡಿ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು ಅವಳ ಕೆಲಸ. ಅವಳ ಸಹಿ ಬೀಳದೆ ಒಂದು ಟ್ಯೂಬೂ ಗೇಟು ದಾಟುವಂತಿರಲಿಲ್ಲ.

“ಊರಲ್ಲೆಲ್ಲ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ನಮ್ಮವಳ ರುಚೀನೇ ಬೇರೆ” ಎಂದು ಅವಳ ಗಂಡ ನಗುತ್ತಿದ್ದ. ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದಿ ಬರುವ ಆ ಮನುಷ್ಯನಿಗೆ ದಿನಕ್ಕೊಂದಾದರೂ ಹಾಸ್ಯ ಮಾಡದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಆದರೆ ಈ ಎಂಟು ತಿಂಗಳಿಂದ ಅವನೂ ಬೂಷ್ಟಿನ ಮಾತೆತ್ತುವುದನ್ನು ಬಿಟ್ಟಿದ್ದ. ಮನೆಯಲ್ಲೇ ಹುಳುಕಡ್ಡಿ ಬಂದು ಕೂತಿತ್ತು.

ಬಂದಿದ್ದು ಬೂಷ್ಟಕ್ಕನ ತಂಗಿಗೆ. ಹನ್ನೊಂದು ವರ್ಷ ಚಿಕ್ಕವಳು, ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದವಳು, ಅಕ್ಕ ಎತ್ತಿ ಆಡಿಸಿ ಬೆಳೆಸಿದವಳು. ಎರಡು ಬೀದಿಯಾಚೆಯ ಶಿಶುಪಾಲನಾ ಕೇಂದ್ರದಲ್ಲಿ ಅವಳು ಆಯಾ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟುಹೋಗುವ ಕೂಸುಗಳನ್ನು ಸಂಜೆಯತನಕ ಸೊಂಟದ ಮೇಲೇ ಹೊತ್ತು ತಿರುಗುವವಳು. ಮೊದಲು ಮೊಣಕೈ ಒಳಗೆ ಒಂದು ಉಂಗುರ ಎದ್ದಿತು. ಆಮೇಲೆ ಸೊಂಟದ ಸುತ್ತ ನಾಲ್ಕು. ಅಕ್ಕ ಕಾರ್ಖಾನೆಯಿಂದ ಹಳದಿ ಟ್ಯೂಬು ತಂದು ಕೊಟ್ಟು, “ಇದನ್ನ ಹಚ್ಚು, ಮೂರು ವಾರದಲ್ಲಿ ಇದ್ದ ಜಾಗ ಗೊತ್ತಾಗಲ್ಲ. ನಾನೇ ಪರೀಕ್ಷೆ ಮಾಡಿರೋದು” ಎಂದಿದ್ದಳು.

ಮೂರು ವಾರ ಹೋಗಿ ಮೂರು ತಿಂಗಳಾಯಿತು. ಉಂಗುರಗಳು ಒಂದಕ್ಕೊಂದು ಕೂಡಿಕೊಂಡು ದೇಶಪಟದ ಹಾಗೆ ಹರಡಿದವು. ಅಕ್ಕನ ಸಹನೆ ತಪ್ಪಿತು. ಮುಲಾಮಿನ ಮೇಲಲ್ಲ, ತಂಗಿಯ ಮೇಲೆ.

“ನೀನು ಸರಿಯಾಗಿ ಹಚ್ತಿಲ್ಲ.”

“ಹಚ್ತಿದ್ದೀನಿ ಅಕ್ಕಾ.”

“ಹಚ್ಚಿದ್ರೆ ಹೋಗ್ಬೇಕಿತ್ತು. ಒದ್ದೆ ಬಟ್ಟೆ ಹಾಕ್ಕೊಳ್ತೀಯ. ಟವೆಲ್ ಒಣಗ್ಸಲ್ಲ. ಚಿಕ್ಕಂದಿನಿಂದ್ಲೂ ನೀನು ಗಲೀಜೇ.”

ಆ ಗಲೀಜು ಎಂಬ ಮಾತು ಮನೆಯಲ್ಲಿ ಬೇರು ಬಿಟ್ಟಿತು. ತಂಗಿಯ ಬಕೆಟ್ಟು ಬೇರೆ ಆಯಿತು, ಬಟ್ಟೆ ಒಣಹಾಕುವ ತಂತಿ ಬೇರೆ ಆಯಿತು, ಸೋಫಾದ ಮೇಲೆ ಅವಳು ಕೂರುವ ಜಾಗಕ್ಕೆ ಒಂದು ಹಳೇ ಬೆಡ್‌ಶೀಟು ಬಿತ್ತು. ಒಂದು ದಿನ ಶಿಶುಕೇಂದ್ರದ ಮೇಲ್ವಿಚಾರಕಿ ಬೂಷ್ಟಕ್ಕನಿಗೆ ಫೋನು ಮಾಡಿ, “ನೀವು ಲ್ಯಾಬಲ್ಲಿರೋರು, ನೀವೇ ಹೇಳಿ. ಔಷಧಿ ಹಚ್ಚಿದ್ರೆ ಇದು ಹೋಗಲ್ವಾ?” ಎಂದು ಕೇಳಿದಳು. “ನಿಯತ್ತಾಗಿ ಹಚ್ಚಿದ್ರೆ ಹೋಗುತ್ತೆ” ಎಂದಳು ಇವಳು. ಸ್ವಂತ ತಂಗಿಯ ಬಗ್ಗೆ ಪರರ ಮುಂದೆ ಹಾಗೆ ಅನ್ನಬಾರದಿತ್ತು, ಆದರೆ ಅಂದುಬಿಟ್ಟಳು. ಮರುದಿನದಿಂದ ತಂಗಿಗೆ ಮಕ್ಕಳನ್ನು ಮುಟ್ಟುವಂತಿಲ್ಲ ಎಂದಾಯಿತು. ಹಿಂದಿನ ಕೋಣೆಯಲ್ಲಿ ಕೈಗವಸು ತೊಟ್ಟು ಆಟದ ಸಾಮಾನು ತೊಳೆಯುವ ಕೆಲಸ. ಇನ್ನೆರಡು ತಿಂಗಳು ನೋಡುತ್ತೇನೆ, ಆಮೇಲೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿದಳು.

ಆಗ ಬೂಷ್ಟಕ್ಕ ಒಂದು ಉಪಾಯ ಹೂಡಿದಳು. ತಂಗಿಯ ಕಳ್ಳಾಟ ಬಯಲು ಮಾಡಲೆಂದೇ ಹೂಡಿದ್ದು. ಟ್ಯೂಬನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಬೆಳಿಗ್ಗೆ ಸಂಜೆ ಕೈಗವಸು ಹಾಕಿಕೊಂಡು ತಾನೇ ಹಚ್ಚಲು ನಿಂತಳು. ಉಂಗುರದ ಅಂಚಿನ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು, ಅಳಿಸಿದಂತೆಲ್ಲ ತಿದ್ದಿದಳು. ಬಟ್ಟೆಯನ್ನು ತಾನೇ ಕುದಿಸಿ ಒಣಗಿಸಿದಳು. ಇಪ್ಪತ್ತೊಂದು ದಿನ ಒಂದು ಹೊತ್ತೂ ತಪ್ಪಲಿಲ್ಲ. ಇಪ್ಪತ್ತೆರಡನೆಯ ಬೆಳಿಗ್ಗೆ ನೋಡಿದರೆ ಕೆಂಪು ಅಂಚು ಪೆನ್ನಿನ ಗೆರೆಯನ್ನು ದಾಟಿ ಒಂದು ಬೆರಳು ಮುಂದೆ ಹೋಗಿತ್ತು.

“ಈಗ ಯಾರು ಸರಿಯಾಗಿ ಹಚ್ಲಿಲ್ಲ?” ಎಂದಳು ತಂಗಿ.

ಬೂಷ್ಟಕ್ಕ ಕೈಗವಸು ಬಿಚ್ಚಿ ಡಬ್ಬಿಗೆ ಹಾಕಿದಳು. ಒಂದೋ ಈ ಬೂಷ್ಟು ಬೇರೆ ತರಹದ್ದು, ಇಲ್ಲವೇ ತನ್ನ ಪರೀಕ್ಷೆಯಲ್ಲೇ ಎಲ್ಲೋ ಐಬು ಇದೆ. ಎರಡನೆಯದನ್ನು ಅವಳ ಮನಸ್ಸು ಕೂಡಲೇ ತಳ್ಳಿಹಾಕಿತು. ಮೂವತ್ತೈದು ವರ್ಷದ ಕೈ ಅದು.

ಆ ಕೈಯ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಾಜಿನ ಸಾಮಾನು ತೊಳೆಯಲು ಆ ಪ್ರಯೋಗಾಲಯಕ್ಕೆ ಸೇರಿದವಳು ಅವಳು. ಓದಿದ್ದು ಅಷ್ಟಕ್ಕಷ್ಟೆ. ಅಲ್ಲಿದ್ದ ಹಿರಿಯ ಮೇಡಂ ಇವಳು ತೊಳೆದಿಟ್ಟ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ, “ನಾಳೆಯಿಂದ ನನ್ನ ಪಕ್ಕ ನಿಂತ್ಕೋ” ಎಂದರು. ನಿಂತಳು. ಸೂಜಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸುವುದು, ಉಸಿರು ಬಿಗಿಹಿಡಿದು ನಳಿಕೆಯ ಹತ್ತಿ ತೆಗೆಯುವುದು, ಬೂಷ್ಟಿನ ಒಂದು ಎಳೆಯನ್ನು ಹಳೇ ನಳಿಕೆಯಿಂದ ಹೊಸ ನಳಿಕೆಗೆ ದಾಟಿಸುವುದು, ಎಲ್ಲ ಕಲಿತಳು. ಪರೀಕ್ಷೆ ಬರೆದು ತಂತ್ರಜ್ಞೆಯಾದಳು. ಈಗಿನ ಸಾಹೇಬರು ಹೊಸದಾಗಿ ಬಂದಾಗ ಅವರ ಕೈಗೆ ಪಿಪೆಟ್ಟು ಕೊಟ್ಟು ಹಿಡಿಯಲು ಕಲಿಸಿದವಳೂ ಇವಳೇ.

ಮೇಡಂ ನಿವೃತ್ತರಾಗುವಾಗ ಒಂದು ಮಾತನ್ನು ಒತ್ತಿ ಹೇಳಿದ್ದರು. ತಳಿಯನ್ನು ನಳಿಕೆಯಿಂದ ನಳಿಕೆಗೆ ಐದು ಸಲ ದಾಟಿಸಬಹುದು. ಐದಾದ ಮೇಲೆ ಅದನ್ನು ಸುಟ್ಟು, ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿಟ್ಟ ಮೂಲ ತಳಿಯಿಂದ ಹೊಸದಾಗಿ ಶುರು ಮಾಡಬೇಕು. ಬೂಷ್ಟಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು, ಫ್ರೀಜರು ಇರುವ ತನಕ. ಒಂಬತ್ತು ವರ್ಷದ ಹಿಂದೆ ಕಾರ್ಖಾನೆಗೆ ನಾಲ್ಕು ದಿನ ರಜೆ ಇದ್ದಾಗ ಫ್ರೀಜರು ಕೆಟ್ಟು ನಿಂತಿತು. ಮೂಲ ತಳಿ ಕರಗಿ ಸತ್ತಿತು. ಉಳಿದದ್ದು ಇವಳ ಕಪಾಟಿನಲ್ಲಿದ್ದ ಒಂದೇ ಒಂದು ನಳಿಕೆ. ಅದೂ ಅರೆಜೀವವಾಗಿತ್ತು. ಅದನ್ನು ಸಕ್ಕರೆ ಹೆಚ್ಚು ಹಾಕಿ ಹೆಪ್ಪುಗಟ್ಟಿಸಿದ ಅಗರ್ ಎಂಬ ಲೋಳೆಯ ಮೇಲೆ ಇಟ್ಟು, ದಿನಕ್ಕೆ ಮೂರು ಸಲ ನೋಡಿ, ಬದುಕಿಸಿದಳು. ಕಾರ್ಖಾನೆಯ ಮಾಲೀಕರು ಎಲ್ಲರನ್ನೂ ಸೇರಿಸಿ ಅವಳಿಗೆ ಚೌಕಟ್ಟು ಹಾಕಿದ ಪ್ರಶಂಸಾಪತ್ರ ಕೊಟ್ಟರು. ಹೊಸ ಮೂಲ ತಳಿ ತರಿಸುವ ವಿಷಯ ಒಂದೆರಡು ಸಲ ಬಂದು, ಇವಳು ನೋಡಿಕೊಳ್ಳುತ್ತಾಳಲ್ಲ ಎಂದು ಅಲ್ಲಿಗೇ ನಿಂತಿತು. ಹೌದು, ನೋಡಿಕೊಂಡಳು. ಮೂರು ವಾರಕ್ಕೊಮ್ಮೆ, ಬೆಳೆದ ಬೂಷ್ಟಿನಲ್ಲಿ ಎಲ್ಲಕ್ಕಿಂತ ಬೆಳ್ಳಗೆ, ಹತ್ತಿಯ ಹಾಗೆ ಉಬ್ಬಿ, ಚೆಂದವಾಗಿ ಬಂದ ಭಾಗವನ್ನೇ ಆರಿಸಿ ದಾಟಿಸಿದಳು. ಮೇಡಂ ಐದು ಎಂದಿದ್ದ ಕಡೆ ನೂರೈವತ್ತು ಸಲ.

ತಂಗಿಯ ಬೂಷ್ಟನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕೆಂದು ಬೂಷ್ಟಕ್ಕ ಅವಳಿಗೆ ಒಂದು ವಾರ ಏನೂ ಹಚ್ಚಬೇಡ ಎಂದಳು. ಮುಲಾಮಿನ ಅಂಶ ಚರ್ಮದಲ್ಲಿದ್ದರೆ ಬೂಷ್ಟು ಬೆಳೆಯುವುದಿಲ್ಲ. ಆ ಒಂದು ವಾರ ತಂಗಿ ಕೆರೆದುಕೊಳ್ಳದೆ ಇರಲು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಎಂಟನೆಯ ದಿನ ಅಕ್ಕ ಕರಿಯ ಕಾಗದ ಹಾಸಿ, ಮೊಂಡು ಬ್ಲೇಡಿನಿಂದ ಉಂಗುರದ ಅಂಚನ್ನು ಮೆಲ್ಲಗೆ ಕೆರೆದಳು. ಹೊಟ್ಟಿನಂಥ ಬಿಳಿ ಸಿಪ್ಪೆಗಳು ಕಾಗದದ ಮೇಲೆ ಉದುರಿದವು. ಕಾಗದ ಮಡಿಚಿ ಕನ್ನಡಕದ ಡಬ್ಬಿಯೊಳಗಿಟ್ಟುಕೊಂಡಳು.

“ಇದನ್ನ ಒಳಗೆ ತಗೊಂಡು ಹೋಗೋಕೆ ಬಿಡ್ತಾರಾ?” ಎಂದು ಕೇಳಿದ ಗಂಡ.

“ಕೇಳಿದ್ರೆ ತಾನೆ ಬಿಡೋದು ಬಿಡದೇ ಇರೋದು” ಎಂದಳು.

ಹೊರಗಿನ ಮಾದರಿಯನ್ನು ಅನುಮತಿ ಇಲ್ಲದೆ ಪ್ರಯೋಗಾಲಯದೊಳಗೆ ತಂದರೆ ಕೆಲಸಕ್ಕೇ ಕುತ್ತು. ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಚೀಲದ ಬಾಯಿ ತೆರೆಸಿ ಇಣುಕಿದ. ಕನ್ನಡಕದ ಡಬ್ಬಿಯನ್ನು ಕೈಗೆತ್ತಿಕೊಂಡು, “ಹೊಸದಾ ಅಕ್ಕಾ?” ಎಂದ. “ಹಳೇದೇ ಕಣಪ್ಪ, ಕಣ್ಣು ಮಾತ್ರ ಇನ್ನೂ ಹಳೇದಾಗ್ತಿದೆ” ಎಂದಳು. ಅವನು ನಕ್ಕು ವಾಪಸು ಕೊಟ್ಟ.

ಸಿಪ್ಪೆಗಳನ್ನು ನಾಲ್ಕು ನಳಿಕೆಗಳ ಅಗರ್ ಮೇಲೆ ಒತ್ತಿ, ಹದವಾದ ಕಾವು ಕೊಡುವ ಇನ್‌ಕ್ಯುಬೇಟರಿನ ಕೆಳಗಿನ ಅರೆಯಲ್ಲಿ ಹಿಂದಕ್ಕೆ ಸರಿಸಿಟ್ಟಳು. ಬೂಷ್ಟಿಗೆ ಅವಸರ ಗೊತ್ತಿಲ್ಲ. ಮೂರನೆಯ ದಿನ ಏನೂ ಇಲ್ಲ. ಆರನೆಯ ದಿನ ಮಬ್ಬು. ಹನ್ನೊಂದನೆಯ ದಿನ ಪುಡಿ ಸಕ್ಕರೆ ಉದುರಿಸಿದಂತೆ ಒರಟೊರಟಾಗಿ, ಹಾಲಿನ ಕೆನೆಯ ಬಣ್ಣದಲ್ಲಿ ಬೆಳೆದು ನಿಂತಿತ್ತು. ಇವಳ ಹಳೇ ತಳಿಯ ಪಕ್ಕದಲ್ಲಿಟ್ಟು ನೋಡಿದರೆ ಇದಕ್ಕೆ ರೂಪವೇ ಇಲ್ಲ.

ಒಂದು ಚೂರು ತೆಗೆದು ನೀಲಿ ಬಣ್ಣದ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ದ್ರಾಕ್ಷಿ ಗೊಂಚಲಿನ ಹಾಗೆ ಬೀಜಕಣಗಳು, ಎಳೆ ಎಳೆಗೂ ತುಂಬಿ ತುಳುಕುತ್ತಿದ್ದವು. ಎಷ್ಟು ವರ್ಷವಾಯಿತು ಇದನ್ನು ನೋಡಿ ಎನ್ನಿಸಿತು. ಹಾಗೆ ಅನ್ನಿಸಿದ್ದೇ ತಡ, ಹಳೇ ತಳಿಯ ಒಂದು ಚೂರನ್ನೂ ಹಾಗೆಯೇ ಇಟ್ಟು ನೋಡಿದಳು. ಎಳೆಗಳು ಇದ್ದವು. ಬೀಜ ಒಂದೂ ಇರಲಿಲ್ಲ. ಜಾಗ ಬದಲಿಸಿ ನೋಡಿದಳು, ಇನ್ನೊಂದು ನಳಿಕೆಯಿಂದ ತೆಗೆದು ನೋಡಿದಳು, ಕನ್ನಡಕ ಒರೆಸಿಕೊಂಡು ನೋಡಿದಳು. ಕಾಳೇ ಕಟ್ಟದ ತೆನೆ.

ಇದು ಅವಳಿಗೆ ಇವತ್ತು ಗೊತ್ತಾದದ್ದಲ್ಲ. ಐದಾರು ವರ್ಷದಿಂದ ಬೀಜಗಳು ಕಡಿಮೆಯಾಗುತ್ತ ಬಂದಿದ್ದವು. ಪರೀಕ್ಷೆಗೆ ಬೀಜಗಳನ್ನು ನೀರಿನಲ್ಲಿ ಕಲಸಿ ಎಣಿಸಿ ಹಾಕಬೇಕು. ಎಣಿಕೆಗೆ ಸಿಗದಾದಾಗ, ಬೂಷ್ಟಿನ ಪದರವನ್ನೇ ಗಾಜಿನ ಮಣಿ ಹಾಕಿ ಅರೆದು ಆ ನೀರನ್ನು ಹಾಕುವ ಅಭ್ಯಾಸ ಮಾಡಿಕೊಂಡಿದ್ದಳು. ಕೆಲಸ ನಡೆಯುತ್ತಿತ್ತು, ಫಲಿತಾಂಶ ಬರುತ್ತಿತ್ತು, ಯಾರೂ ಕೇಳಲಿಲ್ಲ. ತನಗೆ ತಾನೇ ಕೂಡ ಕೇಳಿಕೊಂಡಿರಲಿಲ್ಲ. ಚೆಂದ ಇದ್ದದ್ದನ್ನೇ ಆರಿಸಿ ಆರಿಸಿ, ಸಕ್ಕರೆ ತಿನ್ನಿಸಿ ತಿನ್ನಿಸಿ, ಒಂದು ಕಾಡುಜೀವಿಯನ್ನು ಅವಳು ಮನೆಯ ಮುದ್ದಿನ ಕೂಸು ಮಾಡಿಬಿಟ್ಟಿದ್ದಳು. ಗದರಿಸಿದರೆ ಸಾಯುವಂಥ ಕೂಸು. ಅಂಥದ್ದನ್ನು ಕೊಂದು ತೋರಿಸಿದ ಮುಲಾಮಿಗೆ ಒಂಬತ್ತು ವರ್ಷದಿಂದ ಪಾಸು ಬರೆದಿದ್ದಳೇ ಎಂಬುದು ಈಗಿನ ಪ್ರಶ್ನೆ.

ಪ್ರಶ್ನೆಗೆ ಉತ್ತರ ತಟ್ಟೆಗಳೇ ಹೇಳಬೇಕು. ಆರು ತಟ್ಟೆ ಸಿದ್ಧಮಾಡಿದಳು: ಮೂರರಲ್ಲಿ ಹಳೇ ತಳಿ, ಮೂರರಲ್ಲಿ ತಂಗಿಯ ಬೂಷ್ಟು. ಪ್ರತಿ ತಟ್ಟೆಯ ಅಗರಿನಲ್ಲಿ ಬಟನ್ನಿನಷ್ಟು ಅಗಲದ ಮೂರು ಗುಳಿ ಕೊರೆದಳು. ಒಂದಕ್ಕೆ ಹಳದಿ ಟ್ಯೂಬಿನ ಮುಲಾಮು. ಇನ್ನೊಂದಕ್ಕೆ ಔಷಧಿ ಬೆರೆಸದ ಬರೀ ಜಿಡ್ಡು. ಮತ್ತೊಂದಕ್ಕೆ ಹೋಲಿಕೆಗೆಂದು ಕಪಾಟಿನಲ್ಲಿಟ್ಟಿದ್ದ ಬೇರೆ ಜಾತಿಯ ಔಷಧಿ. ಬೂಷ್ಟು ಬೆಳೆದಾಗ ಗುಳಿಯ ಸುತ್ತ ಬೋಳು ವೃತ್ತ ಉಳಿದರೆ ಔಷಧಿ ಗೆದ್ದಿತು ಎಂದರ್ಥ. ಆ ವೃತ್ತ ಇಪ್ಪತ್ತು ಮಿಲಿಮೀಟರ್ ಇದ್ದರೆ ಪಾಸು.

ಅದೇ ವಾರ ಸೋಮವಾರ ಸಾಹೇಬರು ಅವಳ ಮೇಜಿನ ಹತ್ತಿರ ಬಂದು ನಿಂತರು. ಹಳದಿ ಟ್ಯೂಬಿನದೇ ಹೊಸ ದೊಡ್ಡ ಗಾತ್ರ ಮಾರುಕಟ್ಟೆಗೆ ಬರುವುದಿತ್ತು. “ಅಕ್ಕಾ, ಶುಕ್ರವಾರ ಮಧ್ಯಾಹ್ನದೊಳಗೆ ವರದಿ ಮೇಲೆ ಹೋಗ್ಬೇಕು. ನಿಮ್ಮದೊಂದು ಸಹಿ ಬಾಕಿ.”

“ಶುಕ್ರವಾರ ಅಲ್ವಾ” ಎಂದಳು. ಅವಳ ತಟ್ಟೆಗಳೂ ಶುಕ್ರವಾರವೇ ಓದುವಂತಾಗುವುದು.

ಆ ನಾಲ್ಕು ದಿನ ಅವಳು ಅನ್ನದ ಮುಂದೆ ಕೂತು ಏಳುತ್ತಿದ್ದಳು, ಅಷ್ಟೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಬಾಯಿಗೆ ಬೀಗ ಹಾಕಿಕೊಂಡು ಸಹಿ ಹಾಕಿದರೆ ಅದೇ ಪ್ರಶಂಸಾಪತ್ರದ ಬೂಷ್ಟಕ್ಕನಾಗಿ ಹೊರಬರಬಹುದು. ಬಾಯಿ ಬಿಟ್ಟರೆ ಒಂಬತ್ತು ವರ್ಷದ ಪ್ರತಿ ಪುಟವೂ ಅವಳ ಮುಖಕ್ಕೇ ಬಂದು ಬೀಳುತ್ತದೆ. ಬಚ್ಚಲಿನ ಹೊರಗೆ ತಂಗಿಯ ಬೇರೆ ಬಕೆಟ್ಟು ಕಂಡಾಗಲೆಲ್ಲ ಅವಳು ಕಣ್ಣು ತಪ್ಪಿಸಿಕೊಂಡು ಓಡಾಡಿದಳು.

ಶುಕ್ರವಾರ ಎಂಟು ಗಂಟೆಗೇ ಹೋಗಿ ಇನ್‌ಕ್ಯುಬೇಟರಿನ ಬಾಗಿಲು ತೆರೆದಳು. ಹಳೇ ತಳಿಯ ಮೂರು ತಟ್ಟೆಗಳಲ್ಲೂ ಹಳದಿ ಟ್ಯೂಬಿನ ಸುತ್ತ ಅಚ್ಚುಕಟ್ಟಾದ ಬೋಳು ವೃತ್ತ. ಸ್ಕೇಲಿಟ್ಟಳು: ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತಾರು. ಎಂದಿನ ಪಾಸು. ಆಮೇಲೆ ತಂಗಿಯ ತಟ್ಟೆಗಳನ್ನು ಎತ್ತಿಕೊಂಡಳು. ಸ್ಕೇಲು ಬೇಕಾಗಲಿಲ್ಲ. ಬೂಷ್ಟು ಹಳದಿ ಟ್ಯೂಬಿನ ಗುಳಿಯ ಅಂಚಿನವರೆಗೂ ಬೆಳೆದು, ಬಾವಿಕಟ್ಟೆಯ ಮೇಲೆ ಕೂತವರ ಹಾಗೆ ಸುತ್ತಲೂ ಕೂತಿತ್ತು. ಮೂರರಲ್ಲೂ ಹಾಗೆಯೇ. ಬರೀ ಜಿಡ್ಡು ಹಾಕಿದ ಗುಳಿಗೂ ಔಷಧಿ ಹಾಕಿದ ಗುಳಿಗೂ ವ್ಯತ್ಯಾಸವೇ ಇರಲಿಲ್ಲ. ಮೂರನೆಯ ಗುಳಿಯ ಸುತ್ತ ಮಾತ್ರ, ಬೇರೆ ಜಾತಿಯ ಔಷಧಿ ಇದ್ದ ಕಡೆ, ಇಪ್ಪತ್ತನಾಲ್ಕು ಮಿಲಿಮೀಟರ್ ಬಯಲು.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ತಂಗಿ ಎಂಟು ತಿಂಗಳು ಬರೀ ಜಿಡ್ಡು ಹಚ್ಚಿಕೊಂಡಿದ್ದಳು. ತಂಗಿಯೊಬ್ಬಳೇ ಏನು, ಒಂಬತ್ತು ವರ್ಷದಲ್ಲಿ ಆ ಟ್ಯೂಬು ಕೊಂಡ ಇನ್ನೆಷ್ಟು ಜನ ಹಚ್ಚಿಕೊಂಡರೋ, ಅವರಲ್ಲಿ ಎಷ್ಟು ಜನರಿಗೆ ಮನೆಯಲ್ಲಿ ಗಲೀಜು ಎಂಬ ಹೆಸರು ಬಂತೋ.

ಸಾಹೇಬರ ಕೋಣೆಗೆ ಎರಡು ತಟ್ಟೆ ಹಿಡಿದು ಹೋದಳು. ಅವರು ಕೆಟ್ಟ ಮನುಷ್ಯರಲ್ಲ. ತಾಳ್ಮೆಯಿಂದ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖದ ಬಣ್ಣ ಇಳಿಯಿತು.

“ಹೊರಗಿನ ಮಾದರಿ ಒಳಗೆ ತಂದ್ರಾ? ಯಾರನ್ನ ಕೇಳಿ ತಂದ್ರಿ?”

“ಯಾರನ್ನೂ ಕೇಳ್ಲಿಲ್ಲ. ಅದು ನನ್ನ ತಪ್ಪು. ಆದ್ರೆ ದೊಡ್ಡ ತಪ್ಪು ಅದಲ್ಲ ಸಾರ್. ನಮ್ಮ ಹಳೇ ತಳಿ ಕೆಟ್ಟಿದೆ. ಒಂದೇ ಒಂದು ಬೀಜ ಇಲ್ಲ ಅದ್ರಲ್ಲಿ. ಬಂದು ನೋಡಿ.”

ಅವರು ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಆಮೇಲೆ ಎದ್ದುಹೋಗಿ ಬಾಗಿಲು ಹಾಕಿ ಬಂದರು.

“ನಿಯಮದ ಪುಸ್ತಕದಲ್ಲಿ ಹಳೇ ತಳೀದೇ ನಂಬರ್ ಇದೆ. ಅದರ ಮೇಲೆ ಪಾಸ್ ಆಗಿದೆ. ನಾವು ಸುಳ್ಳು ಬರೀತಿಲ್ಲ ಅಕ್ಕಾ. ಇವತ್ತು ಸಹಿ ಹಾಕಿ. ಆಮೇಲೆ ಸದ್ದಿಲ್ದೆ ಹೊಸ ತಳಿ ತರ್ಸೋಣ.”

“ಆ ನಂಬರಿನ ತಳಿ ಎಲ್ಲಿದೆ ಸಾರ್? ಅದು ಸತ್ತು ಒಂಬತ್ತು ವರ್ಷ ಆಯ್ತು. ಅದರ ಹೆಸರಲ್ಲಿ ನಾನೊಂದು ಬೊಂಬೆ ಸಾಕಿದ್ದೀನಿ.”

“ಮೊದ್ಲು ಹೋಗೋದು ನೀವು” ಎಂದರು ಸಾಹೇಬರು. ಹೆದರಿಸಲು ಹೇಳಿದ್ದಲ್ಲ. “ಇದನ್ನ ಬರೆದ್ರೆ ನಾನು ನಿಮ್ಮನ್ನ ಉಳಿಸ್ಕೊಳ್ಳೋಕೆ ಆಗಲ್ಲ. ನನ್ನ ಸಹಿನೂ ಇದೆ ಅದ್ರಲ್ಲಿ, ನಿಮ್ಮದರ ಕೆಳಗೇ. ನಿಮಗೆ ಕಷ್ಟ ಆದ್ರೆ ಪಕ್ಕಕ್ಕೆ ನಿಂತ್ಕೊಳ್ಳಿ, ಬೇರೆಯವರ ಕೈಲಿ ಸಹಿ ಹಾಕಿಸ್ತೀನಿ.”

ಪಕ್ಕಕ್ಕೆ ನಿಲ್ಲುವುದು ಸುಲಭವಿತ್ತು. ತನ್ನ ಕೈ ಶುದ್ಧ, ಹಾಕಿದವರು ಯಾರೋ. ಒಂದು ಕ್ಷಣ ಅವಳ ಕಾಲು ನಿಜವಾಗಿಯೂ ಬಾಗಿಲ ಕಡೆ ತಿರುಗಿತು. ಬೂಷ್ಟಕ್ಕನನ್ನು ಸಂತಳೆಂದು ಚಿತ್ರಿಸುವ ಆಸೆ ನನಗಿಲ್ಲ. ಅವಳಿಗೂ ಹೆದರಿಕೆ ಇತ್ತು. ಆದರೆ ಆ ರಿಜಿಸ್ಟರು ಪುಟಕ್ಕೆ ಪುಟ ನಂಬರು ಬಿದ್ದದ್ದು, ಒಂದು ಹಾಳೆ ಹರಿಯುವಂತಿಲ್ಲ, ಒಂದು ಅಕ್ಷರ ಅಳಿಸುವಂತಿಲ್ಲ. ಇಂಕಿನಲ್ಲಿ ಬರೆದದ್ದು ಯಾರು ಏನೇ ಮಾಡಿದರೂ ಅಲ್ಲೇ ಇರುತ್ತದೆ. ಅವಳು ಕೂತು ರಿಜಿಸ್ಟರು ಎಳೆದುಕೊಂಡಳು.

ಆರು ತಟ್ಟೆಗಳ ಅಳತೆಯನ್ನೂ ಸಾಲಾಗಿ ಬರೆದಳು. ತಂಗಿಯ ಸಾಲುಗಳಲ್ಲಿ ಹಳದಿ ಟ್ಯೂಬಿನ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಅದರ ಕೆಳಗೆ ಬರೆದಳು: ‘ಪರೀಕ್ಷೆಗೆ ಬಳಸುತ್ತಿರುವ ತಳಿ ಅತಿಯಾಗಿ ದಾಟಿಸಿದ್ದರಿಂದ ಕೆಟ್ಟಿದೆ. ದಾಟಿಸಿದವಳು ನಾನು. ಫ್ರೀಜರು ಕೆಟ್ಟ ದಿನದಿಂದ ಇಂದಿನವರೆಗಿನ ನನ್ನ ಫಲಿತಾಂಶಗಳನ್ನು ನಂಬುವಂತಿಲ್ಲ.’ ಸಹಿ ಹಾಕಿ ತಾರೀಖು ಬರೆದಳು. ಹಾಕುವಾಗ ಪೆನ್ನು ಒಂದು ಸಲ ಕೈಕೊಟ್ಟಿತು. ಒದರಿ ಮತ್ತೆ ಹಾಕಿದಳು.

ಸಾಹೇಬರು ನಿಂತೇ ಓದಿದರು. ಫೋನು ಎತ್ತಿ ಮೇಲಿನವರಿಗೆ, “ವರದಿ ಇವತ್ತು ಬರಲ್ಲ ಸರ್. ಒಂದು ಸಮಸ್ಯೆ ಇದೆ. ನಾನೇ ಬಂದು ಹೇಳ್ತೀನಿ” ಎಂದರು. ಇಟ್ಟ ಮೇಲೆ ಇವಳತ್ತ ನೋಡದೆ ಕೈ ಚಾಚಿದರು. ಅವಳು ತಳಿಯ ಕಪಾಟಿನ ಬೀಗದ ಕೈಯನ್ನು ಆ ಅಂಗೈಯಲ್ಲಿಟ್ಟಳು. ವಿಚಾರಣೆ ಮುಗಿಯುವವರೆಗೆ ಬರಬೇಡಿ, ಕಾಗದ ಮನೆಗೆ ಬರುತ್ತದೆ ಎಂದರು. ಮಧ್ಯಾಹ್ನದ ಊಟದ ಡಬ್ಬಿಯನ್ನು ತೆರೆಯದೆಯೇ ಎತ್ತಿಕೊಂಡು ಅವಳು ಹೊರಬಂದಳು.

ಕಾರ್ಖಾನೆಯನ್ನು ಎದುರಿಸಿದ್ದಾಯಿತು, ಕಷ್ಟದ್ದು ಮುಗಿಯಿತು ಎಂದುಕೊಂಡು ಸಂಜೆ ಮನೆಯ ಬಾಗಿಲು ತಟ್ಟಿದಳು. ಪಾಪ.

ತಂಗಿ ಬಟ್ಟೆ ಮಡಿಸುತ್ತ ಕೂತಿದ್ದಳು. ಎರಡು ಗುಡ್ಡೆ, ಅವಳದು ಬೇರೆ. ಅಕ್ಕ ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತಟ್ಟೆ, ಸೊನ್ನೆ, ರಿಜಿಸ್ಟರು, ಬೀಗದ ಕೈ. ಬೇರೆ ಔಷಧಿ ಒಂದು ಕೆಲಸ ಮಾಡುತ್ತದೆ, ಸೋಮವಾರ ಚರ್ಮದ ಡಾಕ್ಟರ ಹತ್ತಿರ ಈ ಅಳತೆಗಳನ್ನು ತೋರಿಸೋಣ ಎಂದಳು. ಕೊನೆಗೆ, “ನೀನು ಸರಿಯಾಗೇ ಹಚ್ಚಿದ್ದೆ” ಎಂದಳು.

ತಂಗಿ ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿ ಮುಗಿಸಿದಳು.

“ನಾನು ಎಂಟು ತಿಂಗಳಿಂದ ಇದನ್ನೇ ಹೇಳ್ತಿದ್ದೆ.”

“ಹೌದು.”

“ಒಂದ್ಸಲ ನಂಬಿದ್ಯಾ?”

“ಇಲ್ಲ.”

“ನನ್ನ ಬಾಯಿ ಹೇಳಿದ್ದನ್ನ ನಂಬ್ಲಿಲ್ಲ. ನನ್ನ ಮೈಮೇಲಿನ ಬೂಷ್ಟು ಹೇಳಿದ್ಮೇಲೆ ನಂಬ್ದೆ.”

ಬೂಷ್ಟಕ್ಕ ತಂಗಿಯ ಬಟ್ಟೆಯ ಗುಡ್ಡೆಯನ್ನು ಎತ್ತಿ ಇನ್ನೊಂದರ ಮೇಲೆ ಇಡಲು ಹೋದಳು. ತಂಗಿ ಕೈ ಅಡ್ಡ ಹಿಡಿದಳು. “ಅದು ಬೇರೇನೇ ಇರ್ಲಿ, ವಾಸಿ ಆಗೋವರೆಗೂ. ಅಂಟುಜಾಡ್ಯ ಅಂಟುಜಾಡ್ಯಾನೇ. ನಂಗೂ ಅಷ್ಟು ಬುದ್ಧಿ ಇದೆ.” ಅಷ್ಟು ಹೇಳಿ ಅಳಲು ಶುರುಮಾಡಿದಳು. ಎಂಟು ತಿಂಗಳ ಅಳು ಅದು, ಬೇಗ ನಿಲ್ಲಲಿಲ್ಲ. ಗಂಡ ಅಡುಗೆಮನೆಯ ಬಾಗಿಲವರೆಗೆ ಬಂದವನು ಹಿಂದೆ ಸರಿದ.

ಶನಿವಾರ ಬೆಳಿಗ್ಗೆ ತಂಗಿ ತಲೆ ಬಾಚಿಕೊಂಡು ಬಂದು ಅಕ್ಕನ ಮುಂದೆ ನಿಂತಳು. “ನಡಿ. ಕೇಂದ್ರಕ್ಕೆ ಹೋಗೋಣ. ಫೋನಲ್ಲಿ ಹೇಳಿದ್ಯಲ್ಲ ಅವತ್ತು, ಇವತ್ತು ಎದುರಿಗೆ ಬಂದು ಹೇಳು.”

ಇಬ್ಬರೂ ಎರಡು ಬೀದಿ ನಡೆದರು. ಶಿಶುಕೇಂದ್ರದ ಹಜಾರದಲ್ಲಿ ಮೇಲ್ವಿಚಾರಕಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದಳು. ನಾಲ್ಕು ಜನ ಆಯಾಗಳು ಗೋಡೆಯ ಪಕ್ಕ ಮಕ್ಕಳಿಗೆ ಹಾಲು ಕುಡಿಸುತ್ತಿದ್ದರು. ಮಗುವನ್ನು ಬಿಡಲು ಬಂದ ತಾಯಿಯೊಬ್ಬಳು ಬಾಗಿಲಲ್ಲಿ ಇವರನ್ನು ಕಂಡು ಒಂದು ಹೆಜ್ಜೆ ಅತ್ತ ಸರಿದಳು. ತಂಗಿ ಮಕ್ಕಳಿಂದ ದೂರವೇ, ಹೊಸಲಿನ ಹೊರಗೆ ನಿಂತುಕೊಂಡಳು. ಮೂವತ್ತೈದು ವರ್ಷ ಗಾಜಿನ ಹಿಂದಿನ ಜೀವಿಗಳ ಜೊತೆ ಕಳೆದ ಬೂಷ್ಟಕ್ಕನಿಗೆ ನಾಲ್ಕು ಜನರ ಮುಂದೆ ನಿಂತು ಮಾತಾಡಿ ಅಭ್ಯಾಸವಿರಲಿಲ್ಲ.

“ನನ್ನ ತಂಗಿ ಗಲೀಜಲ್ಲ. ಅವಳು ದಿನಾ ಔಷಧಿ ಹಚ್ಚಿದ್ದಾಳೆ. ಔಷಧಿಲಿ ಶಕ್ತಿ ಇರ್ಲಿಲ್ಲ. ಇದೆ ಅಂತ ಸಹಿ ಹಾಕಿದವಳು ನಾನು. ತಪ್ಪು ನನ್ನದು.”

ಮೇಲ್ವಿಚಾರಕಿ ಹಾಜರಿ ಪುಸ್ತಕವನ್ನು ಮುಚ್ಚಿದಳು. ಆಗ ಹಿಂದಿನಿಂದ, ಹೊಸಲಿನ ಆಚೆಯಿಂದ, ತಂಗಿಯ ದನಿ ಬಂತು.

“ಗೋಡೆ ಹತ್ರ ಇರೋರಿಗೆ ಕೇಳಿಸ್ಲಿಲ್ಲ ಅಕ್ಕಾ. ಇನ್ನೊಂದ್ಸಲ ಹೇಳು.”

ಬೂಷ್ಟಕ್ಕ ಗೋಡೆಯ ಕಡೆಗೆ ತಿರುಗಿ, ದನಿ ಎತ್ತರಿಸಿ, ಮೊದಲಿನಿಂದ ಹೇಳಿದಳು.